ಗೋಡೆಯ ಪಕ್ಕ ಒಂದು ಬಿಂದಿಗೆ ನೀರು

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ದೇಶವನ್ನು ಅಡ್ಡಡ್ಡ ಹಾಯುವ ಕಾಲುದಾರಿ ಒಂದಿದೆ. ಹೆಸರು ಹೇಡ್ರಿಯನ್ಸ್ ವಾಲ್ ಪಾತ್. ಉದ್ದ 84 ಮೈಲಿ, ಅಂದರೆ 135 ಕಿಲೋಮೀಟರ್. ರೋಮನ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಕಟ್ಟಿಸಲು ಶುರು ಮಾಡಿದ ಗೋಡೆಯ ಪಕ್ಕದಲ್ಲೇ ಈ ದಾರಿ ಸಾಗುತ್ತದೆ. ಜನ ಬೆನ್ನಿಗೊಂದು ಚೀಲ ಹಾಕಿಕೊಂಡು ಇದನ್ನು ನಡೆಯುತ್ತಾರೆ. ಕಳೆದ ಜೂನ್ ತಿಂಗಳಲ್ಲಿ ನಾನು ತಲೆ ಮೇಲೆ ಬಿಂದಿಗೆ ಹೊತ್ತು ನಡೆದೆ. ಬಿಂದಿಗೆಯ ತುಂಬ ನೀರಿತ್ತು.

ನಾನು ಹುಟ್ಟಿ ಬೆಳೆದದ್ದು ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನಲ್ಲಿ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಆ ಬಿಸಿಲಿನ ಕಾರಣಕ್ಕೇ ಈಗ ಅಲ್ಲಿ 2,000 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಬಂದಿದೆ. ಆದರೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಮೂಳೆಗೆ ಇಳಿಯುತ್ತದೆ, ಕೀಲು ಹಿಡಿಯುತ್ತದೆ. ಕೊನೆಗಾಲದಲ್ಲಿ ನಮ್ಮಜ್ಜಿಗೆ ಬೆನ್ನು ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ. ಆಕೆ ಜೀವಮಾನದಲ್ಲಿ ಎಷ್ಟು ಸಾವಿರ ಬಿಂದಿಗೆ ನೀರು ಹೊತ್ತಳೋ, ಯಾರೂ ಲೆಕ್ಕ ಇಟ್ಟವರಿಲ್ಲ.

ನಾನೀಗ ಇರುವುದು ನ್ಯೂಕಾಸಲ್‌ನಲ್ಲಿ. ಇಲ್ಲಿ ಒಳ್ಳೆಯ ಕೆಲಸಕ್ಕೆ ದುಡ್ಡು ಕೂಡಿಸುವ ರೀತಿಯೇ ಬೇರೆ. ಒಬ್ಬರು ಮೈಗೆ ಕಷ್ಟ ಕೊಡುವ ಏನಾದರೊಂದು ಸಾಹಸಕ್ಕೆ ಕೈ ಹಾಕುತ್ತಾರೆ. ಆನ್‌ಲೈನ್‌ನಲ್ಲಿ ಒಂದು ಪುಟ ತೆರೆಯುತ್ತಾರೆ. ಗೊತ್ತಿದ್ದವರು, ಗೊತ್ತಿಲ್ಲದವರು ಐದೋ ಹತ್ತೋ ಪೌಂಡ್ ಹಾಕುತ್ತಾರೆ. ಓಟ, ಸೈಕಲ್ ಎಲ್ಲರೂ ಮಾಡುವಂಥದ್ದು. ಕೆಲವರು ಇನ್ನೂ ವಿಚಿತ್ರವಾದದ್ದನ್ನು ಹುಡುಕಿಕೊಳ್ಳುತ್ತಾರೆ.

2015ರಲ್ಲಿ ಗ್ಯಾಂಬಿಯಾ ದೇಶದ ಸಿಯಾಬಾಟು ಸನ್ನೆ ಎಂಬ ಹೆಂಗಸು ಪ್ಯಾರಿಸ್ ಮ್ಯಾರಥಾನ್‌ನಲ್ಲಿ ತಲೆ ಮೇಲೆ 20 ಕಿಲೋ ನೀರು ಹೊತ್ತು ನಡೆದಿದ್ದರು. ಆಫ್ರಿಕಾದಲ್ಲಿ ಹೆಂಗಸರು ಕುಡಿಯುವ ನೀರಿಗೆ ದಿನಾ ಇಷ್ಟು ದೂರ ನಡೆಯುತ್ತಾರೆ ಎಂದು ಫಲಕದಲ್ಲಿ ಬರೆದು ಮೈಮೇಲೆ ತೂಗುಹಾಕಿಕೊಂಡಿದ್ದರು. ಆ ಫೋಟೋ ನೋಡಿದಾಗ ನನಗೆ ಕಂಡದ್ದು ನಮ್ಮಜ್ಜಿ. ಇಡೀ ಊರು ನೋಡುತ್ತಿದ್ದರೂ ಆಕೆ ಹೊತ್ತದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹಾಗಾಗಿ ನನ್ನದೂ ಒಂದು ಪುಟ ತೆರೆದೆ. ದುಡ್ಡು ಹೋಗುವುದು ವಾಟರ್‌ಏಡ್ ಸಂಸ್ಥೆಗೆ. 1981ರಿಂದ ಬೇರೆ ಬೇರೆ ದೇಶಗಳಲ್ಲಿ ನೀರು, ಶೌಚಾಲಯದ ಕೆಲಸ ಮಾಡುತ್ತಿರುವ ಸಂಸ್ಥೆ ಅದು. ಗುರಿ 2,000 ಪೌಂಡ್. ಊರಿನಿಂದ ತಂದ ಹಸಿರು ಪ್ಲಾಸ್ಟಿಕ್ ಬಿಂದಿಗೆ, 10 ಲೀಟರಿನದು. ನಮ್ಮ ಕಡೆ ಹೆಂಗಸರು ಹೊರುವುದು ಇದಕ್ಕಿಂತ ದೊಡ್ಡದನ್ನು. ನಿಯಮ ಒಂದೇ: ಸುಸ್ತಾದರೆ ಬಿಂದಿಗೆ ಕೆಳಗಿಡಬಹುದು, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಬಂಡೆ ಹತ್ತುವ ಕಡೆ ಮಾತ್ರ ಹಗ್ಗದಲ್ಲಿ ಬೆನ್ನಿಗೆ ಬಿಗಿದುಕೊಳ್ಳಬಹುದು. ಜೊತೆಗೆ ಬಂದವಳು ಧಾರವಾಡದ ನನ್ನ ಗೆಳತಿ. ಪುಟ ನೋಡಿಕೊಳ್ಳುವುದು, ಫೋಟೋ ಹಾಕುವುದು, ನನ್ನ ಬಟ್ಟೆಬರೆ ಹೊರುವುದು ಅವಳ ಪಾಲು.

ಶನಿವಾರ: ವಾಲ್ಸೆಂಡ್‌ನಿಂದ ಹೆಡನ್

ಗೋಡೆ ಮುಗಿಯುವ ಊರು, ಅದಕ್ಕೇ ವಾಲ್ಸೆಂಡ್. ಇಲ್ಲಿನ ಮೆಟ್ರೋ ನಿಲ್ದಾಣದ ಫಲಕಗಳನ್ನು ಲ್ಯಾಟಿನ್‌ನಲ್ಲೂ ಬರೆದಿದ್ದಾರೆ. ಸೆಗೆಡ್ಯೂನಮ್ ಎಂಬ ರೋಮನ್ ಕೋಟೆಯ ಪಾಯ ಟೈನ್ ನದಿಯ ದಡದಲ್ಲಿದೆ. ಅದರ ಪಕ್ಕದಲ್ಲೇ ಒಂದು ಕಾಲಕ್ಕೆ ಜಗತ್ತಿಗೆಲ್ಲ ಹೆಸರಾಗಿದ್ದ ಹಡಗುಕಟ್ಟೆ. ಈಗ ಎರಡೂ ನಿಂತುಹೋಗಿವೆ.

ನಲ್ಲಿಯಲ್ಲಿ ಬಿಂದಿಗೆ ತುಂಬಿಸಿಕೊಂಡೆ. ಕಂಠದವರೆಗೂ ತುಂಬಿಸು ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ನೀರು ಹೊರುವವರಿಗೆ ಬರೀ ಗಾದೆಯಲ್ಲ. ಅರ್ಧ ತುಂಬಿದ ಬಿಂದಿಗೆಯಲ್ಲಿ ನೀರು ಹೆಜ್ಜೆ ಹೆಜ್ಜೆಗೂ ಆಚೀಚೆ ಎಳೆಯುತ್ತದೆ, ಕುತ್ತಿಗೆ ನೋಯುತ್ತದೆ. ಹಳೇ ಕಾಟನ್ ಸೀರೆಯ ತುಂಡಿನಿಂದ ಸಿಂಬೆ ಸುತ್ತಿ ತಲೆ ಮೇಲಿಟ್ಟು, ಅದರ ಮೇಲೆ ಬಿಂದಿಗೆ ಕೂರಿಸಿದೆ. ಬೆನ್ನಿಗೆ ಒಂದು ಬಟ್ಟೆ. ಅದರ ಮೇಲೆ ದೊಡ್ಡದಾಗಿ ಕ್ಯೂಆರ್ ಕೋಡ್.

ಮೊದಲ ಅರ್ಧ ಗಂಟೆ ಯಾರೂ ಮಾತಾಡಿಸಲಿಲ್ಲ. ಇಂಗ್ಲೆಂಡಿನವರು ಬೇರೆಯವರ ವಿಷಯಕ್ಕೆ ಬೇಗ ತಲೆ ಹಾಕುವುದಿಲ್ಲ. ಆಮೇಲೆ ನಾಯಿ ಹಿಡಿದು ಬರುತ್ತಿದ್ದ ಒಬ್ಬ ಅಜ್ಜ ನಿಂತರು. 'ಅದರಲ್ಲಿ ನಿಜವಾಗ್ಲೂ ನೀರಿದೆಯಾ, ಪೆಟ್?' ಎಂದು ಕೇಳಿದರು. ಈ ಕಡೆಯ ಜನ ಎಲ್ಲರನ್ನೂ ಪ್ರೀತಿಯಿಂದ ಹಾಗೆಯೇ ಕರೆಯುತ್ತಾರೆ. ಇದೆ ಎಂದೆ. ಯಾಕೆ ಎಂದರು. ಹೇಳಿದೆ. ಅವರು ಹಿಂದೆ ಹಡಗು ಕಟ್ಟುವ ಕೆಲಸದಲ್ಲಿದ್ದವರು. ಅವರ ಬಾಲ್ಯದಲ್ಲಿ ಮನೆಯೊಳಗೆ ನಲ್ಲಿ ಇರಲಿಲ್ಲವಂತೆ, ಅಂಗಳದಲ್ಲಿ ನಾಲ್ಕು ಮನೆಗೆ ಸೇರಿ ಒಂದೇ ನಲ್ಲಿಯಂತೆ. ಅವರ ತಾಯಿ ಚಳಿಗಾಲದಲ್ಲಿ ಬಕೆಟ್ ಹಿಡಿದು ಹೋಗುತ್ತಿದ್ದ ಕಥೆ ಹೇಳಿದರು. ಹೊರಡುವಾಗ ಫೋನ್ ತೆಗೆದು ನನ್ನ ಬೆನ್ನಿನ ಕೋಡ್‌ಗೆ ಹಿಡಿದರು.

ನ್ಯೂಕಾಸಲ್‌ನ ನದೀದಡಕ್ಕೆ ಬರುವ ಹೊತ್ತಿಗೆ ಬಿಸಿಲೇರಿತ್ತು. ಟೈನ್ ಸೇತುವೆಯ ಕಮಾನಿನ ಸಂದಿಗಳಲ್ಲಿ ಕಿಟಿವೇಕ್ ಎಂಬ ಕಡಲಹಕ್ಕಿಗಳು ಗೂಡು ಕಟ್ಟಿಕೊಂಡು ಒಂದೇ ಸಮ ಕೂಗುತ್ತಿದ್ದವು. 1981ರಿಂದ ನಡೆಯುತ್ತಿರುವ ಗ್ರೇಟ್ ನಾರ್ತ್ ರನ್ ಓಟದಲ್ಲಿ ಹತ್ತಾರು ಸಾವಿರ ಜನ ಈ ಸೇತುವೆ ದಾಟುತ್ತಾರೆ. ಟೋನಿ ಫೀನಿಕ್ಸ್ ಮಾರಿಸನ್ ಎಂಬುವರು ಅದೇ ದಾರಿಯಲ್ಲಿ ಬೆನ್ನಿಗೆ 40 ಕಿಲೋ ದಾಟಿದ ಫ್ರಿಜ್ ಕಟ್ಟಿಕೊಂಡು ಓಡಿದವರು. ಕ್ಯಾನ್ಸರ್ ಚಿಕಿತ್ಸೆಗೆ ಹಣ ಕೂಡಿಸುವ ಸರ್ ಬಾಬಿ ರಾಬ್ಸನ್ ಫೌಂಡೇಶನ್‌ಗೆ ದುಡ್ಡು ಸೇರಿಸಲು. 2013ರಲ್ಲಿ ಅದೇ ಫ್ರಿಜ್ ಹೊತ್ತು ಬ್ರಿಟನ್ನಿನ ಉತ್ತರದ ಜಾನ್ ಓ ಗ್ರೋಟ್ಸ್‌ನಿಂದ ನೈಋತ್ಯದ ಲ್ಯಾಂಡ್ಸ್ ಎಂಡ್‌ವರೆಗೂ ಹೋದರು. ಈ ಊರಿನವರಿಗೆ ಅವರು 'ಟೋನಿ ದ ಫ್ರಿಜ್'. ಹಾಗಾಗಿ ನನ್ನ ಬಿಂದಿಗೆ ನೋಡಿ ಇಲ್ಲಿ ಯಾರೂ ನಗಲಿಲ್ಲ. ಎಷ್ಟು ತೂಕ ಅಂದರು, ಅಷ್ಟೆ.

ಸಂಜೆ ಹೆಡನ್ ಆನ್ ದ ವಾಲ್ ಸೇರಿದಾಗ ಕುತ್ತಿಗೆ ಕಲ್ಲಾಗಿತ್ತು. ಊರಿನ ತುದಿಯಲ್ಲಿ ಅಗಲವಾದ ಗೋಡೆಯ ತುಂಡೊಂದು ಉಳಿದಿದೆ. ಅದರ ಪಕ್ಕ ಬಿಂದಿಗೆ ಇಟ್ಟು ಹುಲ್ಲಿನ ಮೇಲೆ ಮಲಗಿಬಿಟ್ಟೆ.

ಭಾನುವಾರ: ಹೆಡನ್‌ನಿಂದ ಚಾಲರ್‌ಫರ್ಡ್

ಇವತ್ತಿನ ದಾರಿ ಬಹುಪಾಲು ಮಿಲಿಟರಿ ರೋಡ್ ಪಕ್ಕದಲ್ಲಿ. ಬ್ರಿಟನ್ನಿನ ದೊರೆಯ ವಿರುದ್ಧ ಸ್ಕಾಟ್ಲೆಂಡ್‌ನಲ್ಲಿ ಎದ್ದ 1745ರ ದಂಗೆಯ ನಂತರ ಸೈನ್ಯ ಓಡಾಡಲಿ ಎಂದು ಮಾಡಿದ ರಸ್ತೆ. ಗೋಡೆಯ ಕಲ್ಲುಗಳನ್ನೇ ಕಿತ್ತು ರಸ್ತೆಯ ಅಡಿಪಾಯಕ್ಕೆ ಹಾಕಿದರು. ಹಾಗಾಗಿ ಇಲ್ಲಿ ಗೋಡೆ ಕಾಣುವುದಿಲ್ಲ. ಕಂದಕದ ಗುರುತು, ಕುರಿ, ಗೋಧಿ ಹೊಲ, ಕಾರುಗಳ ಸದ್ದು.

ನನಗೆ ಇಷ್ಟವಾದದ್ದು ವಿಟಲ್ ಡೀನ್. ಸಾಲು ಕೆರೆಗಳು. 1840ರ ದಶಕದಲ್ಲಿ ನ್ಯೂಕಾಸಲ್‌ಗೆ ಕುಡಿಯುವ ನೀರು ಕೊಡಲು ಕಟ್ಟಿದವು. ಅದಕ್ಕೂ ಮೊದಲು ಆ ಊರಿನ ಜನ ಕಲುಷಿತ ನೀರು ಕುಡಿದು ಕಾಲರಾದಲ್ಲಿ ಸಾಯುತ್ತಿದ್ದರು. 1831ರಲ್ಲಿ ಬ್ರಿಟನ್ನಿಗೆ ಕಾಲರಾ ಕಾಲಿಟ್ಟದ್ದೇ ಹತ್ತಿರದ ಸಂಡರ್‌ಲ್ಯಾಂಡ್ ಬಂದರಿನಿಂದ. ನಾನು ಹೊತ್ತ ನೀರು ಈ ಕಡೆಯ ನಲ್ಲಿಯದ್ದು. ಇಲ್ಲಿನವರಿಗೆ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಅನ್ನುವುದು ಹುಟ್ಟಿನಿಂದ ಬಂದ ಹಕ್ಕಿನ ಹಾಗೆ ಕಾಣುತ್ತದೆ. ಆದರೆ ಅದೂ ಯಾರೋ ಜಗಳ ಆಡಿ, ದುಡ್ಡು ಹೊಂದಿಸಿ, ಅಗೆದು, ಕೊಳವೆ ಹಾಕಿ ತಂದದ್ದು.

ಕೆರೆಯ ಬಳಿ ಬುತ್ತಿ ಬಿಚ್ಚಿದೆವು. ಚಪಾತಿ, ಶೇಂಗಾ ಚಟ್ನಿ. ಪಕ್ಕದಲ್ಲಿ ಹಕ್ಕಿ ನೋಡಲು ಬಂದಿದ್ದ ದಂಪತಿ. ಗೆಳತಿ ಅವರಿಗೂ ಒಂದೊಂದು ಚಪಾತಿ ಸುತ್ತಿಕೊಟ್ಟಳು. ಮಾತು ಬಿಂದಿಗೆಗೇ ಬಂತು.

ಚಾಲರ್‌ಫರ್ಡ್‌ನಲ್ಲಿ ಉತ್ತರ ಟೈನ್ ನದಿ. ಮೇಲ್ಗಡೆ ಕೀಲ್ಡರ್ ಜಲಾಶಯ ಇದೆ, 1982ರಲ್ಲಿ ಉದ್ಘಾಟನೆ ಆದದ್ದು. ನೀರಿನ ಪ್ರಮಾಣದಲ್ಲಿ ಬ್ರಿಟನ್ನಿನ ಅತಿ ದೊಡ್ಡ ಮಾನವ ನಿರ್ಮಿತ ಕೆರೆ.

ರಾತ್ರಿ ಹತ್ತಾದರೂ ಬೆಳಕಿತ್ತು. ಗೆಳತಿ ಪುಟ ತೆರೆದು ಓದಿ ಹೇಳಿದಳು. 5 ಪೌಂಡ್, 10 ಪೌಂಡ್, ಹೆಸರು ಬೇಡ ಅಂದವರು 50 ಪೌಂಡ್. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಕೊಟ್ಟರೆ ಗಿಫ್ಟ್ ಏಡ್ ಎಂದು ಸರ್ಕಾರ ಪ್ರತಿ ಪೌಂಡಿಗೆ 25 ಪೆನ್ಸ್ ಸೇರಿಸುತ್ತದೆ. ಬೆಂಗಳೂರಿನ ಗೆಳೆಯರು ಕೊಟ್ಟದ್ದಕ್ಕೆ ಅದು ಸಿಗುವುದಿಲ್ಲ. ಆದರೂ ಕೊಟ್ಟಿದ್ದರು.

ಹೀಗೆ ಸಾಹಸ ಮಾಡಿ ದುಡ್ಡು ಕೂಡಿಸುವ ಪದ್ಧತಿಯ ತುತ್ತತುದಿ ಕ್ಯಾಪ್ಟನ್ ಟಾಮ್ ಮೂರ್. 2020ರ ಏಪ್ರಿಲ್. ಕೊರೊನಾ ಲಾಕ್‌ಡೌನ್. 99 ವರ್ಷದ ಅಜ್ಜ, ಎರಡನೇ ಮಹಾಯುದ್ಧದಲ್ಲಿ ಭಾರತ, ಬರ್ಮಾದಲ್ಲಿ ಸೇವೆ ಮಾಡಿದವರು. ನೂರನೇ ಹುಟ್ಟುಹಬ್ಬದ ಒಳಗೆ ವಾಕರ್ ಹಿಡಿದು ತನ್ನ ತೋಟದಲ್ಲಿ 100 ಸುತ್ತು ನಡೆಯುತ್ತೇನೆ ಎಂದರು. ಗುರಿ ಸಾವಿರ ಪೌಂಡ್. ಬಂದದ್ದು 3 ಕೋಟಿ 20 ಲಕ್ಷ ಪೌಂಡಿಗೂ ಮೇಲೆ, ಆರೋಗ್ಯ ಸೇವೆಯ ನಿಧಿಗೆ. ಆಮೇಲೆ ಅವರ ಹೆಸರಿನಲ್ಲಿ ಹುಟ್ಟಿದ ಬೇರೆ ಪ್ರತಿಷ್ಠಾನದ ನಡವಳಿಕೆಯ ಬಗ್ಗೆ ವಿಚಾರಣೆ ನಡೆಯಿತು, 2024ರಲ್ಲಿ ಕಟುವಾದ ವರದಿಯೂ ಬಂತು. ಆದರೆ ಆ ತೋಟದ ನಡಿಗೆಯ ಹಣ ಅದಕ್ಕೆ ಸೇರಿರಲಿಲ್ಲ. ಜನ ಯಾವ ನಂಬಿಕೆ ಇಟ್ಟು ಕೊಟ್ಟರೋ ಅಲ್ಲಿಗೇ ಹೋಯಿತು. ಹಾಗಾಗಿ ಸಾಹಸ ಮಾಡುವವರು ದುಡ್ಡು ತಮ್ಮ ಖಾತೆಗೆ ಬರಿಸಿಕೊಳ್ಳದೆ ನೇರ ಸಂಸ್ಥೆಗೇ ಹೋಗುವ ಹಾಗೆ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾನೂ ಹಾಗೇ ಮಾಡಿದ್ದೆ.

ಸೋಮವಾರ: ಚಾಲರ್‌ಫರ್ಡ್‌ನಿಂದ ಒನ್ಸ್ ಬ್ರೂಡ್

ಇಡೀ ಪ್ರಯಾಣದಲ್ಲಿ ನನಗೆ ತುಂಬ ಬೇಕಾದ ದಿನ ಇದು.

ಬೆಳಿಗ್ಗೆ ಮೊದಲು ಚೆಸ್ಟರ್ಸ್ ಕೋಟೆ. ಕುದುರೆ ಸವಾರರ ದಂಡು ಇದ್ದ ಜಾಗ. ನದೀದಡದಲ್ಲಿ ಅವರ ಸ್ನಾನದ ಮನೆಯ ಗೋಡೆಗಳು ಈಗಲೂ ನಿಂತಿವೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ಒರಗಿ ಕುಳಿತ ಒಬ್ಬ ದೇವತೆ. ಹೆಸರು ಕೊವೆಂಟೀನಾ. ನೀರಿನ ದೇವತೆ. ನಮ್ಮ ಗಂಗಮ್ಮ ಎಂದರೆ ತಪ್ಪಿಲ್ಲ.

ಅಲ್ಲಿಂದ ಲೈಮ್‌ಸ್ಟೋನ್ ಕಾರ್ನರ್ ದಾಟಿ ಮುಂದೆ ಹೋದರೆ ಕ್ಯಾರಬರಾ ಎಂಬ ಜಾಗ. ಮಿತ್ರಾಸ್ ದೇವರ ಚಿಕ್ಕ ಗುಡಿಯ ಪಾಯ ಇದೆ. ಎಲ್ಲರೂ ಅದನ್ನು ನೋಡುತ್ತಾರೆ. ಅದರ ಆಚೆ ಜೌಗು ನೆಲ, ಹುಲ್ಲು, ಕೆಳಗೆಲ್ಲೋ ಒರತೆ. ಕೊವೆಂಟೀನಾಳ ಬಾವಿ ಇದ್ದದ್ದು ಅಲ್ಲಿ. 1876ರಲ್ಲಿ ಈ ಕಡೆಯ ಜಮೀನುದಾರ ಜಾನ್ ಕ್ಲೇಟನ್ ಅಗೆಸಿದಾಗ ಬಾವಿಯೊಳಗೆ 13 ಸಾವಿರಕ್ಕೂ ಹೆಚ್ಚು ರೋಮನ್ ನಾಣ್ಯಗಳು ಸಿಕ್ಕವು. ಜೊತೆಗೆ ಪಿನ್ನುಗಳು, ಉಂಗುರ, ಚಿಕ್ಕ ಕಂಚಿನ ಬೊಂಬೆ. ಎಲ್ಲ ಹರಕೆಯವು. ಎಲ್ಲೆಲ್ಲಿಂದಲೋ ಬಂದ ಸೈನಿಕರು, ಅವರ ಮನೆಯವರು ನೀರಿಗೆ ನಾಣ್ಯ ಹಾಕಿ ಏನೇನೋ ಬೇಡಿಕೊಂಡಿದ್ದರು.

ನಾನು ಬೇಲಿಯ ಈಚೆ ಬಿಂದಿಗೆ ಇಳಿಸಿ ಬಹಳ ಹೊತ್ತು ನಿಂತೆ. ನಮ್ಮಲ್ಲೂ ಅಷ್ಟೇ ಅಲ್ವಾ? ಬಸ್ಸು ತುಂಗಭದ್ರೆ ಸೇತುವೆ ಮೇಲೆ ಹೋಗುವಾಗ ಹಿಂದಿನ ಸೀಟಿನ ಅಜ್ಜಿ ಕಿಟಕಿಯಿಂದ ನಾಣ್ಯ ಎಸೆಯುತ್ತಾಳೆ. ಮಗು ಹುಷಾರಾದರೆ ಬೆಟ್ಟ ಹತ್ತಿ ಬರುತ್ತೇನೆ ಎಂದು ತಾಯಿ ಹರಕೆ ಹೊರುತ್ತಾಳೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನೂರಾರು ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಹೋಗುವವರಿದ್ದಾರೆ. ಮೈ ದಣಿಸಿ ಇನ್ನೊಬ್ಬರಿಗೆ ಒಳ್ಳೆಯದು ಬೇಡುವುದು ನಮಗೆ ಹೊಸದಲ್ಲ. ಇಲ್ಲಿನವರು ಆ ದಣಿವನ್ನು ದೇವರ ಬದಲು ಆಸ್ಪತ್ರೆಗೆ, ಅನಾಥರಿಗೆ, ಕಾಯಿಲೆಯ ಸಂಶೋಧನೆಗೆ ಅರ್ಪಿಸುತ್ತಾರೆ. ಹುಂಡಿ ಫೋನಿನೊಳಗಿದೆ. ಹರಕೆಯ ಹಿಂದಿನ ಮನಸ್ಸು ಮಾತ್ರ ಒಂದೇ ಅನಿಸಿತು.

ನಾನೂ ಒಂದು ನಾಣ್ಯ ಹಾಕೋಣ ಎಂದು ಜೇಬಿಗೆ ಕೈ ಹಾಕಿದೆ. ಅದು ರಕ್ಷಿತ ಜಾಗ, ಬೇಡ ಎಂದು ಗೆಳತಿ ತಡೆದಳು. ಆ ಎರಡು ಪೌಂಡನ್ನು ಅಲ್ಲೇ ನಿಂತು ಫೋನಿನಿಂದ ಪುಟಕ್ಕೆ ಹಾಕಿದೆ.

ಸೂಯಿಂಗ್‌ಶೀಲ್ಡ್ಸ್ ದಾಟಿದ ಮೇಲೆ ಬಂಡೆಗಳ ಸಾಲು ಶುರು. ಹೌಸ್‌ಸ್ಟೆಡ್ಸ್ ಕೋಟೆಯಲ್ಲಿ ಸೈನಿಕರ ಸಾಮೂಹಿಕ ಶೌಚಾಲಯ ಇದೆ. ಮಳೆನೀರನ್ನು ಕಲ್ಲಿನ ತೊಟ್ಟಿಗಳಲ್ಲಿ ಹಿಡಿದಿಟ್ಟು ಅದರಿಂದ ಕಾಲುವೆ ತೊಳೆಯುತ್ತಿದ್ದರು. ತೊಟ್ಟಿಯ ಕಲ್ಲುಗಳ ಸಂದಿಗೆ ಸೀಸ ಹುಯ್ದ ಗುರುತುಗಳನ್ನು ಮುಟ್ಟಿ ನೋಡಿದೆ. ಮಳೆನೀರು ಕೊಯ್ಲು ಎಂದು ನಾವು ಈಗ ಫಲಕ ಹಾಕುತ್ತೇವೆ.

ಸಿಕಮೋರ್ ಗ್ಯಾಪ್‌ನಲ್ಲಿ ನಿಂತವರೆಲ್ಲ ಮೌನವಾಗಿದ್ದರು. ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ ಒಂಟಿಯಾಗಿ ನಿಂತಿದ್ದ ಮರವನ್ನು 2023ರ ಸೆಪ್ಟೆಂಬರ್‌ನ ಒಂದು ರಾತ್ರಿ ಕಡಿದುಹಾಕಿದರು. ಬುಡದಲ್ಲಿ ಹೊಸ ಚಿಗುರು ಬಂದಿದೆ. ಸುತ್ತ ಬೇಲಿ ಹಾಕಿದ್ದಾರೆ.

ಮಂಗಳವಾರ: ಒನ್ಸ್ ಬ್ರೂಡ್‌ನಿಂದ ಗಿಲ್ಸ್‌ಲ್ಯಾಂಡ್

ದೂರ ಕಡಿಮೆ, ಕಷ್ಟ ಜಾಸ್ತಿ. ವಿನ್‌ಶೀಲ್ಡ್ಸ್ ಬಂಡೆ ಇಡೀ ದಾರಿಯಲ್ಲಿ ಅತಿ ಎತ್ತರ, 345 ಮೀಟರ್. ನಂದಿಬೆಟ್ಟ ಕಂಡವರಿಗೆ ಇದೇನು ಎತ್ತರ ಅನಿಸಬಹುದು. ಕಷ್ಟ ಇರುವುದು ಗಾಳಿಯಲ್ಲಿ. ಪಶ್ಚಿಮದಿಂದ ಒಂದೇ ಸಮ ಬೀಸುತ್ತದೆ. ಬಿಂದಿಗೆ ತಲೆ ಮೇಲೆ ನಿಲ್ಲುವ ಮಾತೇ ಇಲ್ಲ. ಬೆನ್ನಿಗೆ ಬಿಗಿದುಕೊಂಡೆ. ಏರಿ, ಇಳಿದು, ಮತ್ತೆ ಏರಿ. ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಒಡೆಯಿತು. ಹೆಗಲಿನ ಮೇಲೆ ಹಗ್ಗ ಉಜ್ಜಿ ಚರ್ಮ ಕೆಂಪಾಯಿತು. ಒಂದು ಇಳಿಜಾರಿನಲ್ಲಿ ಕೂತು ಅತ್ತೆ. ನೋವಿಗಲ್ಲ. ಅಜ್ಜಿ ಇದನ್ನು ಯಾವತ್ತೂ ಕಷ್ಟ ಎಂದು ಹೇಳಿರಲಿಲ್ಲವಲ್ಲ ಎಂದು ನೆನಪಾಯಿತು. ನೀರಿಗೆ ಹೋಗಿ ಬರ್ತೀನಿ ಅನ್ನುತ್ತಿದ್ದಳು, ಅಷ್ಟೆ.

ಲೋಕದಲ್ಲಿ ಹೆಂಗಸರು, ಹೆಣ್ಣುಮಕ್ಕಳು ನೀರು ತರಲು ಕಳೆಯುವ ಹೊತ್ತು ದಿನಕ್ಕೆ ಒಟ್ಟು 20 ಕೋಟಿ ಗಂಟೆ ಎಂದು ಯುನಿಸೆಫ್ 2016ರಲ್ಲಿ ಹೇಳಿತ್ತು. ಈ ಅಂಕಿಯನ್ನು ಪುಟದಲ್ಲಿ ಹಾಕಿದ್ದೆ. ಓದಿದವರು ಯಾರೂ ಅದರ ಬಗ್ಗೆ ಕೇಳಲಿಲ್ಲ. ಆದರೆ ಇವತ್ತು ನನ್ನ ಹೆಗಲಿನ ಗಾಯದ ಫೋಟೋ ನೋಡಿ ಎಷ್ಟೋ ಜನ ಬರೆದರು.

ಗ್ರೇಟ್ ಚೆಸ್ಟರ್ಸ್ ಎಂಬ ಕೋಟೆಯ ಬಳಿ ಊಟ. ಈಗ ಅದೊಂದು ಹೊಲಮನೆ. ಈ ಕೋಟೆಗೆ ರೋಮನ್ನರು ನೀರು ತಂದ ಕಾಲುವೆ ಸುಮಾರು 10 ಕಿಲೋಮೀಟರ್ ಉದ್ದ. ನೆಟ್ಟಗೆ ಅಳೆದರೆ ಅದರ ಅರ್ಧವೂ ಇಲ್ಲ. ಇಳಿಜಾರು ಕೆಡಬಾರದು ಎಂದು ಗುಡ್ಡದ ಮಗ್ಗುಲಿನಲ್ಲಿ ಸುತ್ತಿ ಸುತ್ತಿ ತಂದಿದ್ದಾರೆ. ನೀರಿಗಾಗಿ ಇಷ್ಟು ತಾಳ್ಮೆ ಬೇಕು.

ಅಲ್ಲಿ ಜೊತೆಯಾದ ಮೂವರು ನಡಿಗೆಗಾರರಲ್ಲಿ ಒಬ್ಬರು ನೇರವಾಗಿ ಕೇಳಿದರು. 'ಇಷ್ಟೆಲ್ಲ ಯಾಕೆ? ಸುಮ್ನೆ ದುಡ್ಡು ಕೊಟ್ಟು ಬಿಡಬಹುದಲ್ಲ?' ಒಳ್ಳೆಯ ಪ್ರಶ್ನೆ. ಅವರ ಗೆಳೆಯರೇ ಉತ್ತರ ಕೊಟ್ಟರು. 2002ರ ಲಂಡನ್ ಮ್ಯಾರಥಾನ್‌ನಲ್ಲಿ ಲಾಯ್ಡ್ ಸ್ಕಾಟ್ ಎಂಬುವರು ಹಳೇ ಕಾಲದ ಸಮುದ್ರ ಮುಳುಗುಗಾರರ ಉಡುಪು ಹಾಕಿ ನಡೆದಿದ್ದರು. ಉಡುಪಿನ ತೂಕವೇ ಸುಮಾರು 59 ಕಿಲೋ. ಮುಗಿಸಲು ಐದು ದಿನ ದಾಟಿತು. ಆ ಮನುಷ್ಯ ಸ್ವತಃ ರಕ್ತದ ಕ್ಯಾನ್ಸರ್‌ನಿಂದ ಗುಣವಾದವರು. 'ಅವತ್ತು ನಾನು ರಸ್ತೆ ಬದಿಯಲ್ಲಿ ನಿಂತಿದ್ದೆ. ಆತ ಒಂದು ಹೆಜ್ಜೆ ಇಡುವುದನ್ನು ನೋಡುತ್ತಾ ಪಕ್ಕದಲ್ಲಿದ್ದ ಅಪರಿಚಿತರ ಜೊತೆ ಲ್ಯುಕೀಮಿಯಾ ಬಗ್ಗೆ ಮಾತಾಡಿದೆ. ಅದಕ್ಕೂ ಮೊದಲು ಆ ಪದವನ್ನು ಬಾಯಿಗೇ ತಂದಿರಲಿಲ್ಲ' ಎಂದರು.

ನನಗೂ ಹಾಗೇ ಅನಿಸುತ್ತದೆ. ಬಿಂದಿಗೆ ನೋಡಿದ ಜನ ತಾವಾಗಿಯೇ ಯಾಕೆ ಎಂದು ಕೇಳುತ್ತಾರೆ. ಕೇಳಿದ ಮೇಲೆ ಉತ್ತರವನ್ನು ನಿಂತು ಕೇಳುತ್ತಾರೆ. ನಾನೇ ಹೋಗಿ ಬಾಗಿಲು ತಟ್ಟಿ ಫ್ಲೋರೈಡ್ ಬಗ್ಗೆ ಹೇಳಿದ್ದರೆ ಯಾರು ಕಿವಿಗೊಡುತ್ತಿದ್ದರು? ಸುಮಾರು ಎಂಟು ಸಾವಿರ ಕಿಲೋಮೀಟರ್ ಆಚೆಯ ಪಾವಗಡದ ಹೆಸರನ್ನು ನಾರ್ದಂಬರ್‌ಲ್ಯಾಂಡ್‌ನ ಒಬ್ಬ ಕುರಿಗಾಹಿ ಅಕ್ಷರ ಅಕ್ಷರ ಬಿಡಿಸಿ ಕೇಳಿ ತಿಳಿದುಕೊಂಡ. ಅದು ಈ ಬಿಂದಿಗೆಯಿಂದ ಆದದ್ದು.

ಬುಧವಾರ: ಗಿಲ್ಸ್‌ಲ್ಯಾಂಡ್‌ನಿಂದ ವಾಲ್ಟನ್

ಇಡೀ ದಿನ ಮಳೆ. ಅರ್ದಿಂಗ್ ನದಿ ದಾಟಿ ಬರ್ಡೋಸ್ವಾಲ್ಡ್ ಕೋಟೆ. ಅಲ್ಲಿನ ಗೋಡೆಯ ಉದ್ದನೆ ಸಾಲು ಚೆನ್ನಾಗಿದೆ. ಮಂಜಿನಲ್ಲಿ ಹೆಚ್ಚು ಕಾಣಲಿಲ್ಲ.

ಕೋಟೆಯ ಕ್ಯಾಂಟೀನಿನಲ್ಲಿ ಶಾಲಾ ಮಕ್ಕಳ ಗುಂಪು. ಬಿಂದಿಗೆ ಕಂಡದ್ದೇ ಸುತ್ತುವರಿದರು. ಎತ್ತಿ ನೋಡಬಹುದಾ ಎಂದರು. ನಿಯಮದ ಪ್ರಕಾರ ಕೊಡುವಂತಿರಲಿಲ್ಲ. ಆದರೆ ನೆಲದ ಮೇಲಿಟ್ಟು ಒಬ್ಬೊಬ್ಬರೇ ಒಂದಿಂಚು ಎತ್ತಿ ಇಡಲಿ, ಹೆಜ್ಜೆ ಇಡಬಾರದು ಎಂದು ಗೆಳತಿ ತೀರ್ಪು ಕೊಟ್ಟಳು. ಎತ್ತಿದ ಪ್ರತಿ ಮಗುವಿನ ಮುಖ ಬದಲಾಯಿತು. ಎಂಟು ವರ್ಷದ ಒಬ್ಬಳು ಕೇಳಿದಳು, 'ನನ್ನಷ್ಟು ಚಿಕ್ಕವರೂ ಹೊರುತ್ತಾರಾ?' ನಾನು ಆ ವಯಸ್ಸಿನಲ್ಲಿ ಇದರ ಅರ್ಧದಷ್ಟು ಚಿಕ್ಕ ಕೊಡ ಹೊತ್ತಿದ್ದೆ ಎಂದೆ. ಕೊಳಾಯಿ ಹತ್ತಿರ ಬಣ್ಣಬಣ್ಣದ ಕೊಡಗಳನ್ನು ಪಾಳಿಯಲ್ಲಿ ಇಡುತ್ತಿದ್ದದ್ದು, ಟ್ಯಾಂಕರ್ ಬಂದರೆ ಶಾಲೆ ಬಿಟ್ಟು ಓಡುತ್ತಿದ್ದದ್ದು ಎಲ್ಲ ಹೇಳಿದೆ.

ಅವರ ಟೀಚರ್ ಡೆವನ್‌ನ ಹುಡುಗನ ಕಥೆ ನೆನಪಿಸಿದರು. ಹತ್ತು ವರ್ಷದವನಿದ್ದಾಗ, 2020ರಲ್ಲಿ, ಪಕ್ಕದ ಮನೆಯ ಅಜ್ಜ ಕ್ಯಾನ್ಸರ್‌ನಿಂದ ಸಾಯುವ ಮುಂಚೆ ಒಂದು ಟೆಂಟ್ ಕೊಟ್ಟು, ಇದರಲ್ಲಿ ಸಾಹಸ ಮಾಡು ಎಂದು ಮಾತು ತೆಗೆದುಕೊಂಡರು. ಹುಡುಗ ಮೂರು ವರ್ಷ ಪ್ರತಿ ರಾತ್ರಿ ಟೆಂಟ್‌ನಲ್ಲೇ ಮಲಗಿದ. ಆ ಅಜ್ಜನನ್ನು ಕೊನೆಗಾಲದಲ್ಲಿ ನೋಡಿಕೊಂಡಿದ್ದ ಆರೈಕೆ ಸಂಸ್ಥೆ ನಾರ್ತ್ ಡೆವನ್ ಹಾಸ್ಪಿಸ್‌ಗೆ ಏಳೂವರೆ ಲಕ್ಷ ಪೌಂಡಿಗೂ ಹೆಚ್ಚು ಕೂಡಿಸಿದ. ಈ ಮಕ್ಕಳಿಗೆಲ್ಲ ಅವನು ಗೊತ್ತು. ಟೀಚರ್ ನನ್ನ ನಂಬರ್ ತೆಗೆದುಕೊಂಡರು.

ಗುರುವಾರ: ವಾಲ್ಟನ್‌ನಿಂದ ಕಾರ್ಲೈಲ್

ಇಲ್ಲಿಂದ ಮುಂದೆ ನೆಲದ ಮೇಲೆ ಗೋಡೆ ಇಲ್ಲವೆನ್ನುವಷ್ಟು ಕಡಿಮೆ. ಹಳ್ಳಿಗಳ ಚರ್ಚು, ಕೊಟ್ಟಿಗೆಗಳ ಗೋಡೆಗಳಲ್ಲಿ ಅದರ ಕಲ್ಲುಗಳಿವೆ. ದಾರಿ ಸಪಾಟು. ಬಿಂದಿಗೆ ಮತ್ತೆ ತಲೆ ಮೇಲೇರಿತು. ಮೈ ಒಗ್ಗಿಕೊಂಡಿತ್ತು. ಕೈ ಬಿಟ್ಟು ನಡೆಯಲು ಬಂತು. ಆ ಸುಖ ಹೇಳಲಾರೆ.

ಈಡನ್ ನದಿಯ ಪಕ್ಕದಲ್ಲೇ ಕಾರ್ಲೈಲ್ ಊರು ಸೇರಿದೆವು. 2005ರ ಜನವರಿಯಲ್ಲಿ ಒಮ್ಮೆ, 2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಬಿರುಗಾಳಿಯಲ್ಲಿ ಇನ್ನೊಮ್ಮೆ ಈ ನದಿ ಊರೊಳಗೆ ನುಗ್ಗಿತ್ತು. ಆ ಬಿರುಗಾಳಿಯಲ್ಲಿ ಇದೇ ಜಿಲ್ಲೆಯ ಹಾನಿಸ್ಟರ್ ಕಣಿವೆದಾರಿಯಲ್ಲಿ 24 ಗಂಟೆಯಲ್ಲಿ 341 ಮಿಲಿಮೀಟರ್ ಮಳೆ ಬಿತ್ತು. ನಮ್ಮ ಪಾವಗಡಕ್ಕೆ ಇಡೀ ವರ್ಷದಲ್ಲಿ ಬೀಳುವುದರ ಅರ್ಧಕ್ಕಿಂತ ಜಾಸ್ತಿ. ನದೀದಡದಲ್ಲಿ ಸಿಕ್ಕ ಒಬ್ಬಾಕೆ ತಮ್ಮ ಮನೆಯ ಗೋಡೆಯ ಮೇಲೆ ನೀರು ನಿಂತ ಮಟ್ಟವನ್ನು ಕೈಯಲ್ಲಿ ತೋರಿಸಿದರು. ಮನೆ ತುಂಬ ನೀರು, ಕುಡಿಯಲು ಬಾಟಲಿ ನೀರಿಗೆ ಸರದಿ. ಅವರಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ.

ಊರಿನ ಪಾರ್ಕಿನಲ್ಲಿ ಭಾರತದ ಒಬ್ಬ ಯುವಕ ಮಾತಾಡಿಸಿದ. ಓದಲು ಬಂದವನು. ಅವನಿಗೆ ಸಿಟ್ಟು ಬಂದಿತ್ತು. 'ನಮ್ಮ ಬಡತನವನ್ನು ಇವರ ಮುಂದೆ ಯಾಕೆ ಮೆರವಣಿಗೆ ಮಾಡ್ತೀರಾ? ಇವರು ನಮ್ಮ ದೇಶಕ್ಕೆ ಮಾಡಿದ್ದು ಸಾಲದಾ?' ಅವನ ಮಾತಿನಲ್ಲಿ ನೋವಿತ್ತು. ಅದನ್ನು ತಳ್ಳಿಹಾಕಲು ಆಗಲಿಲ್ಲ. ಪಾರ್ಕಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ನಾನು ಹೇಳಿದ್ದು ಇಷ್ಟು. ನಮ್ಮಜ್ಜಿ ಪಾಪದವಳಲ್ಲ. ಕೈ ಬಿಟ್ಟು ಮೂರು ಕೊಡ ಹೊತ್ತು, ಕಲ್ಲುದಾರಿಯಲ್ಲಿ ಹಾಡುತ್ತಾ ಬರುತ್ತಿದ್ದವಳು. ಆಕೆಯ ಕೆಲಸದ ತೂಕ ಎಷ್ಟು ಎಂದು ನಾನು ತೋರಿಸುತ್ತಿದ್ದೇನೆ. ಆಕೆಯ ಬಡತನವನ್ನಲ್ಲ. ನೀರು ಮನೆಬಾಗಿಲಿಗೆ ತರುವುದು ನಮ್ಮ ಸರ್ಕಾರದ ಜವಾಬ್ದಾರಿ, ನಿಜ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ನಮ್ಮ ಬೀದಿಗೂ ಕೊಳವೆ ಬಂದಿದೆ. ಅದನ್ನೂ ಇಲ್ಲಿ ಕೇಳಿದವರಿಗೆಲ್ಲ ಹೇಳಿದ್ದೇನೆ. ಇನ್ನೂ ಬರದ ಊರುಗಳು ನಮ್ಮಲ್ಲೂ ಇವೆ, ಆಫ್ರಿಕಾದಲ್ಲೂ ಇವೆ.

ಅವನು ಪೂರ್ತಿ ಒಪ್ಪಲಿಲ್ಲ. ಪುಟದಲ್ಲಿ ಅಜ್ಜಿಯ ಬಗ್ಗೆ ಈಗ ಹೇಳಿದ್ದನ್ನೂ ಬರೆಯಿರಿ ಎಂದ. ಅವತ್ತು ರಾತ್ರಿಯೇ ಬರೆದೆ. ಮೂರು ಕೊಡ, ಕಲ್ಲುದಾರಿ, ಹಾಡು. ಬರೆದದ್ದರಲ್ಲಿ ಅತಿ ಹೆಚ್ಚು ಜನ ಓದಿದ್ದು ಅದನ್ನೇ.

ಶುಕ್ರವಾರ: ಕಾರ್ಲೈಲ್‌ನಿಂದ ಬೌನೆಸ್

ಕೊನೆಯ 24 ಕಿಲೋಮೀಟರ್. ಉಪ್ಪುಗಾಳಿ ಬಂತು. ಸಾಲ್ವೇ ಕೊಲ್ಲಿಯ ಜೌಗು ಬಯಲು. ಆಚೆ ದಡದಲ್ಲಿ ಸ್ಕಾಟ್ಲೆಂಡ್. ದೊಡ್ಡ ಉಬ್ಬರ ಬಂದರೆ ರಸ್ತೆ ಮುಳುಗುತ್ತದೆ. ವೇಳಾಪಟ್ಟಿ ನೋಡಿಕೊಂಡೇ ಹೊರಡಬೇಕು. ನಾವು ಬೆಳಗಿನ ಜಾವವೇ ಹೊರಟಿದ್ದೆವು.

ಬರ್ಗ್ ಬೈ ಸ್ಯಾಂಡ್ಸ್ ಎಂಬ ಹಳ್ಳಿಯಲ್ಲಿ ಇಂಗ್ಲೆಂಡಿನ ದೊರೆ ಮೊದಲನೇ ಎಡ್ವರ್ಡ್‌ನ ಪ್ರತಿಮೆ ಇದೆ. ಸ್ಕಾಟ್ಲೆಂಡ್ ಗೆಲ್ಲಲು ಹೊರಟವನು 1307ರ ಜುಲೈ 7ರಂದು ಈ ಬಯಲಿನಲ್ಲಿ ಸತ್ತ. ರಕ್ತಭೇದಿಯಿಂದ ಸತ್ತ ಎನ್ನುತ್ತಾರೆ. ದೊರೆಯನ್ನೇ ಬಿಡದ ಕಾಯಿಲೆ. ಕೆಟ್ಟ ನೀರು, ಶೌಚಾಲಯ ಇಲ್ಲದಿರುವುದು, ಕೈ ತೊಳೆಯಲು ಆಗದಿರುವುದು, ಇವುಗಳಿಂದ ಬರುವ ಕಾಯಿಲೆಗಳಿಗೆ ಐದು ವರ್ಷದೊಳಗಿನ ಸಾವಿರಕ್ಕೂ ಹೆಚ್ಚು ಮಕ್ಕಳು ಈಗಲೂ ದಿನಾ ಸಾಯುತ್ತಾರೆ ಎಂದು ಯುನಿಸೆಫ್ ಹೇಳುತ್ತದೆ. ಪ್ರತಿಮೆಯ ಬುಡದಲ್ಲಿ ಬಿಂದಿಗೆ ಇಟ್ಟು ಫೋಟೋ ತೆಗೆದು, ಇಷ್ಟನ್ನೇ ಬರೆದು ಹಾಕಿದೆವು.

ಆಮೇಲೆ ನೆಟ್ಟನೆ ರಸ್ತೆ. ದನಗಳು, ಬೇಲಿ, ಕೆಸರಿನ ವಾಸನೆ. ಡ್ರಂಬರಾ, ಪೋರ್ಟ್ ಕಾರ್ಲೈಲ್. ಬೌನೆಸ್‌ನಲ್ಲಿ ಕೊಲ್ಲಿಯ ಕಡೆ ಮುಖ ಮಾಡಿದ ಚಿಕ್ಕ ಮರದ ಮಂಟಪ. ಅಲ್ಲಿಗೆ ದಾರಿ ಮುಗಿಯಿತು. ಬಿಂದಿಗೆ ಇಳಿಸಿದೆ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ. 'ನೀರು ತುಳುಕಿಲ್ಲ ತಾನೇ?' ಎಂದಳು. ಕ್ಯಾಮೆರಾ ಬಗ್ಗಿಸಿ ತೋರಿಸಿದೆ. ಕಂಠದಿಂದ ನಾಲ್ಕು ಬೆರಳು ಕೆಳಗಿತ್ತು. ಪರವಾಗಿಲ್ಲ ಎಂದಳು.

ಪುಟದಲ್ಲಿ ಗುರಿ ದಾಟಿ ಎರಡರಷ್ಟು ಹಣ ಬಂದಿತ್ತು. ವಾಲ್ಸೆಂಡ್‌ನ ಅಜ್ಜ ಎರಡನೇ ಸಲ ಹಾಕಿದ್ದರು. 'ಅಂಗಳದ ನಲ್ಲಿಗೆ ಹೋಗುತ್ತಿದ್ದ ನನ್ನ ತಾಯಿಗಾಗಿ' ಎಂದು ಬರೆದಿದ್ದರು. ಪುಟವನ್ನು ತಿಂಗಳ ಕೊನೆವರೆಗೂ ತೆರೆದಿಡಲು ನಿರ್ಧರಿಸಿದೆವು.

ಬಸ್ಸಿಗೆ ಕಾಯುವಾಗ ಬುಧವಾರದ ಟೀಚರ್ ಫೋನ್ ಮಾಡಿದರು. ಮಕ್ಕಳು ಬಿಂದಿಗೆ ಕೇಳುತ್ತಿದ್ದಾರಂತೆ. ಜುಲೈನಲ್ಲಿ ಶಾಲೆಗೆ ರಜೆ ಬರುವ ಮುಂಚೆ ಆಟದ ಮೈದಾನದ ಸುತ್ತ ಸರದಿಯಲ್ಲಿ ಹೊತ್ತು ನಡೆಯುತ್ತಾರಂತೆ. ಚಿಕ್ಕವರು ಕಾಲು ಭಾಗ ನೀರು, ದೊಡ್ಡವರು ಅರ್ಧ. ಸುತ್ತಿಗೆ ಇಷ್ಟು ಪೆನ್ಸ್ ಎಂದು ಮನೆಯವರಿಂದ, ನೆರೆಯವರಿಂದ ಬರೆಸಿಕೊಂಡು ಬರುತ್ತಾರೆ. ಅರ್ಧ ಬಿಂದಿಗೆ ಹೊರುವುದು ತುಂಬಿದ್ದಕ್ಕಿಂತ ಕಷ್ಟ, ಚಿಕ್ಕದೇ ಆದರೂ ತುಂಬಿದ ಕೊಡ ಕೊಡಿ ಎಂದೆ. ಊರಿನಿಂದ ಇನ್ನೂ ಐದಾರು ಚಿಕ್ಕ ಕೊಡ ತರಿಸಬೇಕು. ಅಮ್ಮನಿಗೆ ಅವತ್ತೇ ಹೇಳಿದೆ. ಸಿಂಬೆ ಸುತ್ತುವುದನ್ನು ಮಕ್ಕಳಿಗೆ ವಿಡಿಯೋದಲ್ಲಿ ತಾನೇ ಹೇಳಿಕೊಡುತ್ತೇನೆ ಎಂದಳು.